ಲಂಕೆಯಲ್ಲಿ ಸುಜಾತ ಗಾಡಿ ಓಡಿಸಿದ ಐದು ದಿನ

ಹೋದ ವಾರ ಮಂಡಿನೋವಿಗೆಂದು ಚೆನ್ನೈಯ ಪೋರೂರಿನ ಆಸ್ಪತ್ರೆಗೆ ಆಟೋದಲ್ಲಿ ಹೋಗುತ್ತಿದ್ದೆ. ಮೇಲ್ಸೇತುವೆ ಹತ್ತುವಲ್ಲಿ ನಮ್ಮ ಮುಂದೆ ಒಂದು ನೀರಿನ ಲಾರಿ. ತುಂಬಿದ ಹೊರೆ, ಏರಲಾರದೆ ನಿಂತು ನಿಂತು ಏರುತ್ತಿತ್ತು. ಕ್ಲಚ್ಚು ಸುಟ್ಟ ವಾಸನೆ ಬಂದು ಮೂಗಿಗೆ ಹೊಡೆಯಿತು. ಆಟೋದವನು ಟವಲಿನಿಂದ ಮೂಗು ಮುಚ್ಚಿಕೊಂಡ. ನನಗೆ ನಗು ಬಂತು.

"ಎನ್ನ ಪಾಟಿ, ಸಿರಿಕ್ಕಿರೀಂಗ?" ಅಂದ, ಯಾಕಜ್ಜಿ ನಗುತ್ತೀಯ ಎಂದು. ಹೇಳುವಷ್ಟರಲ್ಲಿ ಆಸ್ಪತ್ರೆ ಬಂತು. ಅವನಿಗೆ ಹೇಳದೆ ಉಳಿದಿದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಿದ್ದಲು ಮಗ ಸೊಸೆಗೆ ಪುರುಸೊತ್ತಿಲ್ಲ. ಮೊಮ್ಮಗಳು ಚಂದನಳಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ.

ಅದು ಹೋದ ವರ್ಷದ ಮೇ ತಿಂಗಳು. ಚೆನ್ನೈಯವರು ಆ ದಿನಗಳನ್ನು ಕತ್ತರಿ ಎನ್ನುತ್ತಾರೆ. ಬಿಸಿಲು ನಿಜಕ್ಕೂ ಕತ್ತರಿಸುತ್ತದೆ. ಬೆಳಿಗ್ಗೆ ಏಳಕ್ಕೆ ನಲ್ಲಿ ತಿರುಗಿಸಿದರೆ ಬಿಸಿನೀರು, ರಾತ್ರಿ ಹಾಸಿಗೆ ಮುಟ್ಟಿದರೆ ಬಾಣಲೆ. ಫ್ಲಾಟಿನಲ್ಲಿ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಒಬ್ಬರ ಮುಖ ಒಬ್ಬರು ನೋಡದೆ ಬಿದ್ದಿದ್ದೆವು. ಆಗ ನನ್ನ ಮಗ ಮಾದೇಶ ಒಂದು ಸಂಜೆ ಬಂದು, "ಅವ್ವಾ, ಲಂಕೆಗೆ ಹೋಗನ. ಪ್ಲೇನಲ್ಲಿ ಒಂದೂವರೆ ಗಂಟೆ. ಮಂಡ್ಯಕ್ಕೆ ಹೋಗಕ್ಕಿಂತ ಬೇಗ" ಅಂದ.

ಮಾದೇಶನಿಗೆ ಅಂಬತ್ತೂರಿನಲ್ಲಿ ಕೆಲಸ. ಲಾರಿಗಳ ಗೇರಿಗೆ ಹಲ್ಲುಚಕ್ರ ಮಾಡುವ ಕಾರ್ಖಾನೆ. ಹಲ್ಲು ಮಾಡುವವನಾದ್ದರಿಂದ, ಗಾಡಿ ಓಡಿಸುವ ವಿದ್ಯೆ ಭೂಮಿಯ ಮೇಲೆ ತನಗೊಬ್ಬನಿಗೇ ಪೂರ್ತಿ ಗೊತ್ತು ಎಂದು ತಿಳಿದಿದ್ದಾನೆ. ಲಂಕೆಗೆ ಹೋಗುವವರೆಲ್ಲ ಡ್ರೈವರ್ ಸಮೇತ ಕಾರು ಹಿಡಿಯುತ್ತಾರಂತೆ. ಇವನು ಒಪ್ಪಲಿಲ್ಲ.

"ಬಾಡಿಗೆ ಕಾರು, ನಾನೇ ಓಡುಸ್ತೀನಿ. ಅಲ್ಲೂ ನಮ್ಮಂಗೇ ಎಡಗಡೆ ಕಣವ್ವ. ಬೇರೆಯವನ ಕೈಗೆ ಪ್ರಾಣ ಯಾಕೆ ಕೊಡಬೇಕು?"

"ನಿನ್ನ ಕೈಗೆ ಕೊಟ್ಟು ಕೊಟ್ಟು ಸಾಕಾಗದೆ" ಅಂದೆ. ಅವನ ಕಿವಿಗೆ ಹೋಗಲಿಲ್ಲ.

ಸೊಸೆ ಸುಜಾತ ಪೋರೂರಿನ ಒಂದು ಶಾಲೆಯಲ್ಲಿ ಲೆಕ್ಕದ ಪಾಠ ಹೇಳುತ್ತಾಳೆ. ನಲವತ್ತು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುತ್ತಾಳೆ, ಆದರೆ ಕಾರಿನ ಮಾತು ಬಂದರೆ ಬಾಯಿ ಬಿಡುವುದಿಲ್ಲ. ಅದಕ್ಕೆ ಕಾರಣ ಇದೆ. ಅದಕ್ಕೂ ಆರು ವರ್ಷದ ಹಿಂದೆ ಅವಳು ನಮ್ಮ ಕಾರನ್ನು ಫ್ಲಾಟಿನ ಕೆಳಗಿನ ಕಂಬಕ್ಕೆ ಗುದ್ದಿದಳು. ಒಂದು ದೀಪ ಒಡೆಯಿತು, ಅಷ್ಟೇ. ಆದರೆ ಮಾದೇಶ ವಾಚ್‌ಮನ್ನು, ಅಕ್ಕಪಕ್ಕದವರು ಎಲ್ಲರ ಎದುರಿಗೆ, "ಕಂಬ ನಿಂತಲ್ಲೇ ನಿಂತಿತ್ತು ಕಣೇ. ನೀನೇ ಹುಡುಕ್ಕೊಂಡು ಹೋಗಿ ಗುದ್ದಿದ್ದೀಯ" ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮಾರನೆಯ ದಿನದಿಂದ ಅವಳು ಶಾಲೆಗೆ ಬಸ್ಸಿನಲ್ಲಿ ಹೋದಳು. ಕೀಲಿಯನ್ನು ಕೈಯಲ್ಲಿ ಮುಟ್ಟಲಿಲ್ಲ.

ಇನ್ನು ನನ್ನ ವಿಷಯ. ನಮ್ಮ ಮನೆಯ ಕಾಗದಪತ್ರವೆಲ್ಲ ನನ್ನ ಸುಪರ್ದಿ. ಇಂಗ್ಲಿಷು ಓದಲು ಬಾರದವಳ ಹತ್ತಿರ ಕಾಗದ ಭದ್ರವಾಗಿರುತ್ತದೆ, ಯಾಕೆಂದರೆ ಅವಳು ಒಂದನ್ನೂ ಬೇಡವೆಂದು ಬಿಸಾಡುವುದಿಲ್ಲ. ಮಾದೇಶ ಒಂದು ದೀಪಾವಳಿಗೆ ಟಿ. ನಗರದ ಜಂಗುಳಿಯಲ್ಲಿ ಪರ್ಸು ಕಳೆದುಕೊಂಡು, ಹೊಸ ಲೈಸೆನ್ಸಿಗೆ ಮೂರು ತಿಂಗಳು ಅಲೆದ. ಅವತ್ತಿನಿಂದ ನನ್ನ ಕಾನೂನು: ಒರಿಜಿನಲ್ಲು ನನ್ನ ಹತ್ತಿರ, ಜೆರಾಕ್ಸು ಅವನ ಹತ್ತಿರ. ಬಣ್ಣದ ಜೆರಾಕ್ಸಿಗೆ ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದೆ. ಅವನಿಗೇ ಯಾವುದು ಯಾವುದೆಂದು ಮರೆತುಹೋಗುವಷ್ಟು ಚೆನ್ನಾಗಿತ್ತು.

ಸುಜಾತ ಮಾತ್ರ ಮದುವೆಯಾಗಿ ಬಂದ ವಾರದಲ್ಲೇ, "ನನ್ನ ಪೇಪರು ನನ್ನ ಹತ್ರಾನೇ ಇರ್ಲಿ ಅತ್ತೆ" ಅಂದಿದ್ದಳು. ಆ ಮಾತಿಗೆ ನಾನು ಒಂದು ತಿಂಗಳು ಮುಖ ಊದಿಸಿಕೊಂಡಿದ್ದೆ.

ಐದು ದಿನ ಮನೆಗೆ ಬೀಗ. ಕಳ್ಳ ಬಂದರೆ? ಬೀರುವಿನಲ್ಲಿದ್ದ ಒರಿಜಿನಲ್ಲುಗಳನ್ನೆಲ್ಲ ತೆಗೆದು ನನ್ನ ಎಲೆಯಡಿಕೆ ಸಂಚಿಯೊಳಗೆ ಸೇರಿಸಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ಲೇನು ಹತ್ತಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ಕೊಲಂಬೊದಲ್ಲಿ ಇಳಿದ ಮೇಲೆ ಹೊರದೇಶದವರು ಗಾಡಿ ಓಡಿಸಲು ಒಂದು ಚೀಟಿ ಮಾಡಿಸಬೇಕಂತೆ. ಆ ಮೇಜಿನ ಹಿಂದೆ ಕೂತಿದ್ದ ಹೆಂಗಸು ನಗುನಗುತ್ತಾ ಮಾದೇಶನ ಲೈಸೆನ್ಸು ಕೇಳಿದಳು. ಕೊಟ್ಟ. ಅವಳು ಉಗುರಿನಿಂದ ಪ್ಲಾಸ್ಟಿಕ್ಕಿನ ಅಂಚು ಕೆರೆದಳು. ಬೆಳಕಿಗೆ ಹಿಡಿದಳು. ಇದು ಜೆರಾಕ್ಸು, ಒರಿಜಿನಲ್ ಬೇಕು ಅಂದಳು. ಮಾದೇಶ ಫೋನಿನಲ್ಲಿರುವುದನ್ನು ತೋರಿಸಿದ. ಅದೂ ಆಗುವುದಿಲ್ಲ ಅಂದಳು, ನಗುನಗುತ್ತಲೇ.

ಮಾದೇಶ ತಿರುಗಿ ನನ್ನನ್ನು ನೋಡಿದ. "ಅವ್ವಾ! ಒರಿಜಿನಲ್ಲು ಬೀರುವಲ್ಲಿ ಮಡಗಿದ್ದೀಯಲ್ಲ! ಏನವ್ವಾ ಮಾಡ್ದೆ? ಈಗ ಐದು ದಿನ ಏರ್‌ಪೋರ್ಟಲ್ಲೇ ಕೂರನಾ?"

ಚಂದನ ತಲೆ ಚಚ್ಚಿಕೊಂಡು, "ಅಯ್ಯೋ ಅಪ್ಪಾ, ಮಾನಂ ಪೋಚ್ಚು" ಅಂದಳು, ಮಾನ ಹೋಯಿತು ಎಂದು. ನಮ್ಮ ಹಿಂದೆ ಸಾಲು ಬೇರೆ ನಿಂತಿತ್ತು.

ನನ್ನ ಕೈ ಸೊಂಟಕ್ಕೆ ಹೋಗಿತ್ತು. ಸಂಚಿಯ ದಾರ ಬಿಚ್ಚಿದ್ದೆ. ಅಷ್ಟರಲ್ಲಿ ಸುಜಾತ ತನ್ನ ಬ್ಯಾಗಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

"ನಂದು ಇದೆ" ಅಂದಳು.

ಇಟ್ಟ ಕಾರ್ಡನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆ ಹೆಂಗಸು ಚೀಟಿ ಬರೆಯಲು ಶುರು ಮಾಡಿದಳು. ನಾನು ಸಂಚಿಯ ದಾರ ಮತ್ತೆ ಎಳೆದು ಗಂಟು ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದರೆ ದೊಡ್ಡ ಮಾತೇನೂ ಇಲ್ಲ. ನನಗೆ ನೋಡಬೇಕೆನಿಸಿತು. ಅವಳು ಆರು ವರ್ಷ ಬಸ್ಸಿನಲ್ಲಿ ನೇತಾಡಿದ್ದರಲ್ಲಿ ನನ್ನ ನಗುವಿನ ಪಾಲೂ ಇತ್ತು, ಅದೂ ನೆನಪಾಯಿತು. ಎರಡೂ ಸೇರಿ ಬಾಯಿ ಮುಚ್ಚಿಸಿದವು.

ಕೊಟ್ಟ ಕಾರು ಚಿಕ್ಕದು, ಕೆಂಪು ಬಣ್ಣದ್ದು. ಗೇರು ಕೈಯಲ್ಲೇ ಹಾಕಬೇಕು. ಕಾರು ಕೊಡುವ ಹುಡುಗಿ ಸುತ್ತಲೂ ಫೋಟೊ ಹಿಡಿದು, ಕೀಲಿಯನ್ನು ಮಾದೇಶನಿಗೆ ಚಾಚಿದಳು. ಸುಜಾತ ನಡುವೆ ಕೈ ಹಾಕಿ ತೆಗೆದುಕೊಂಡಳು. ಮಾದೇಶ ಮುಂದಿನ ಸೀಟಿನಲ್ಲಿ ಅವಳ ಪಕ್ಕ ಕೂತ. ಅಲ್ಲಿಂದ ಶುರುವಾಯಿತು.

"ಕ್ಲಚ್ ಒತ್ತು. ಪೂರ್ತಿ ಒತ್ತೇ. ಮೆಲ್ಲಗೆ ಬಿಡು. ಮೆಲ್ಲಗೆ ಅಂದ್ನಲ್ಲ. ಬಲಗಡೆ ಕನ್ನಡಿ ನೋಡು. ಬಸ್ಸು ಬತ್ತಾದೆ. ಯಾಕೆ ಬ್ರೇಕು? ಈಗ ಯಾಕೆ ಬ್ರೇಕು?"

"ಬಸ್ಸು ಬತ್ತಾದೆ ಅಂದ್ರಲ್ಲ ರೀ!"

"ಅಂದೆ, ನಿಲ್ಸು ಅನ್ನಲಿಲ್ಲ!"

ಅವನ ಎರಡು ಕಾಲೂ ಅವನ ಮುಂದೆ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದವು. ಒಂದೇ ಸಿಗ್ನಲಿನಲ್ಲಿ ಸುಜಾತ ನಾಲ್ಕು ಸಲ ಗಾಡಿ ಆಫ್ ಮಾಡಿದಳು. ಆಶ್ಚರ್ಯವೆಂದರೆ ಹಿಂದಿನವರು ಯಾರೂ ಹಾರನ್ ಹೊಡೆಯಲಿಲ್ಲ. ಚೆನ್ನೈಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ಮೂರು ತಲೆಮಾರಿನವರಿಗೆ ಮಂಗಳಾರತಿ ಆಗಿರುತ್ತಿತ್ತು.

ದಾರಿಯಲ್ಲಿ ಎಳನೀರಿಗೆ ನಿಂತೆವು. ಅಲ್ಲಿಯ ಎಳನೀರು ಕಿತ್ತಳೆ ಹಣ್ಣಿನ ಬಣ್ಣ. ಅಂಗಡಿ ರಸ್ತೆಯ ಆಚೆ ಇತ್ತು. ನಾನು ಬಿಳಿ ಪಟ್ಟೆಯ ಹತ್ತಿರ ಸೀರೆ ಎತ್ತಿ ಹಿಡಿದು ಓಡಲು ತಯಾರಾದೆ. ಎರಡೂ ಕಡೆ ಬಸ್ಸು, ಲಾರಿ, ಕಾರು ಎಲ್ಲ ನಿಂತುಬಿಟ್ಟವು. ಯಾರೋ ದೊಡ್ಡವರು ಬರುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ. ನನಗೇ ನಿಂತಿದ್ದವು. ದಾಟಿ, ನಿಜವೋ ಸುಳ್ಳೋ ನೋಡಲು ಮತ್ತೆ ಒಂದು ಸಲ ದಾಟಿದೆ. ಮತ್ತೆ ನಿಂತವು.

"ಅಜ್ಜಿ, ಪೋದುಂ, ವಾಂಗ!" ಸಾಕು ಬಾ ಎಂದು ಚಂದನ ಕೂಗಿಕೊಂಡಳು.

ವಾಪಸು ಕಾರಿಗೆ ಬಂದಾಗ ನಾನು ಮುಂದಿನ ಬಾಗಿಲು ತೆರೆದು ಹತ್ತಿ ಕೂತೆ. "ನೀನು ಹಿಂದೆ ಹೋಗ್ಲಾ" ಅಂದೆ ಮಾದೇಶನಿಗೆ.

"ನೀನು ಮುಂದೆ ಕೂತು ಏನವ್ವಾ ಮಾಡ್ತೀಯ? ನಿಂಗೆ ಮ್ಯಾಪು ನೋಡಕ್ಕೆ ಬತ್ತದಾ?"

"ಸುಮ್ಕೆ ಕೂರಕ್ಕೆ ಬತ್ತದೆ. ಅದು ನಿಂಗೆ ಬರಕ್ಕಿಲ್ಲ."

ನನ್ನ ಗಂಡ ಮಳವಳ್ಳಿ ಮಂಡ್ಯ ನಡುವೆ ಇಪ್ಪತ್ತಾರು ವರ್ಷ ಪ್ರೈವೇಟ್ ಬಸ್ಸು ಓಡಿಸಿದ. ಸಂತೆಗೆ ಹೋಗುವಾಗ ನಾನು ಅವನ ಪಕ್ಕದ ಇಂಜಿನ್ನಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದೆ. ಬೇರೆ ಗುಣ ಅವನಲ್ಲಿ ಹೆಚ್ಚೇನಿರಲಿಲ್ಲ, ಗಾಡಿ ಓಡಿಸುವುದು ಬರುತ್ತಿತ್ತು. ಅವನ ಪಕ್ಕ ಕೂತು ಕಲಿತದ್ದು ಒಂದೇ. ಸ್ಟೇರಿಂಗ್ ಹಿಡಿದವರ ಕಿವಿಗೆ ಮಾತು ಹೋದರೆ ಕಾಲಿಗೆ ಮಾತು ಹೋಗುವುದಿಲ್ಲ.

ಆ ರಾತ್ರಿ ಕ್ಯಾಂಡಿಯಲ್ಲಿ ಉಳಿದೆವು. ಮಾರನೆಯ ದಿನ ಚಹಾ ತೋಟದ ಬೆಟ್ಟ, ನುವರ ಎಲಿಯಕ್ಕೆ ಹೋಗುವ ದಾರಿ. ಸುಜಾತ ಬೆಳಿಗ್ಗೆ ಇಡ್ಲಿಯ ಹಾಗಿರುವ ಏನನ್ನೋ ಮುಟ್ಟಿ ಬಿಟ್ಟಳು, ತಿನ್ನಲಿಲ್ಲ. ಹೊರಡುವಾಗ ಆಕಾಶ ತಿಳಿಯಾಗಿತ್ತು. ಬೆಟ್ಟ ಅರ್ಧ ಏರುವಾಗ ಮೋಡ ಇಳಿಯಿತು. ರಸ್ತೆ ಮಡಚಿ ಮಡಚಿ ಮೇಲೆ ಹೋಗುತ್ತದೆ. ಒಂದು ತಿರುವಿನಲ್ಲಿ ಮೇಲಿನಿಂದ ಬಸ್ಸೊಂದು ಪೂರ್ತಿ ರಸ್ತೆ ತುಂಬಿಕೊಂಡು ಬಂತು. ಸುಜಾತ ನಿಲ್ಲಿಸಿದಳು. ಬಸ್ಸು ಹೋಯಿತು. ನಮ್ಮ ಗಾಡಿ ಹೊರಡಲಿಲ್ಲ. ಬ್ರೇಕು ಬಿಟ್ಟರೆ ಹಿಂದಕ್ಕೆ ಜಾರುತ್ತದೆ, ಆಕ್ಸಿಲೇಟರ್ ತುಳಿದರೆ ಕಿರುಚುತ್ತದೆ, ಕ್ಲಚ್ಚು ಬಿಟ್ಟರೆ ಆಫ್ ಆಗುತ್ತದೆ. ಒಂದು ಸಲ, ಎರಡು ಸಲ, ಐದು ಸಲ. ಹಿಂದೆ ಒಂದು ಲಾರಿ ಬಂದು ನಿಂತಿತು. ಅದರ ಹಿಂದೆ ಇನ್ನೆರಡು ಗಾಡಿ. ಎಡಗಡೆ ಕಣಿವೆ. ಕ್ಲಚ್ಚು ಸುಟ್ಟ ವಾಸನೆ ಗಾಡಿಯೊಳಗೆಲ್ಲ ತುಂಬಿಕೊಂಡಿತು.

"ಹಾಫ್ ಕ್ಲಚ್ ಕಣೇ! ಹಾಫ್! ಅರ್ಧ ಅಂದ್ರೆ ತಿಳಿಯಲ್ವಾ ಲೆಕ್ಕದ ಟೀಚರಿಗೆ?" ಹಿಂದಿನಿಂದ ಮಾದೇಶ ಬಡಕೊಂಡ. "ಇಳಿ, ಇಳಿ ನೀನು. ಚೀಟಿ ಇಲ್ಲದಿದ್ರೆ ಹೋಗ್ಲಿ, ನಾನೇ ಹತ್ತುಸ್ತೀನಿ."

ಸುಜಾತಳ ಕಣ್ಣಲ್ಲಿ ನೀರು ಬಂತು. ಸ್ಟೇರಿಂಗ್ ಮೇಲೆ ಹಣೆ ಇಟ್ಟಳು. "ನನ್ನ ಕೈಲಾಗಲ್ಲ ಅತ್ತೆ" ಅಂದಳು.

ನಾನು ಸುಳ್ಳು ಹೇಳುವುದಿಲ್ಲ, ಆಗ ನನಗೂ ಹೆದರಿಕೆಯಾಯಿತು. ಕಣಿವೆ ನೋಡಿದೆ. ಹಿಂದೆ ಕೂತ ಮೊಮ್ಮಗಳನ್ನು ನೋಡಿದೆ. ಕೈ ಮತ್ತೆ ಸೊಂಟಕ್ಕೆ ಹೋಯಿತು. ಚೀಟಿ ಇಲ್ಲದಿದ್ದರೂ, ಒರಿಜಿನಲ್ ಲೈಸೆನ್ಸು ತೆಗೆದು ಹಿಂದಕ್ಕೆ ಚಾಚಿದರೆ ಅವನಿಗೆ ಅಷ್ಟೇ ಸಾಕು. ಅವನು ಹತ್ತಿಸುತ್ತಾನೆ, ನಾವು ಮೇಲೆ ಹೋಗಿ ಚಹಾ ಕುಡಿಯುತ್ತೇವೆ, ಇವಳು ಮತ್ತೆ ಸಾಯುವ ತನಕ ಬಸ್ಸು. ಕಾರ್ಡಿನ ಅಂಚು ಬೆರಳಿಗೆ ಸಿಕ್ಕಿತು.

ಅಷ್ಟರಲ್ಲಿ ಕಿಟಕಿಯ ಹೊರಗೆ ಒಬ್ಬ ಹೆಂಗಸು ಬಗ್ಗಿ ನೋಡಿದಳು. ಚಹಾ ಎಲೆ ಕೀಳುವವಳು, ಬೆನ್ನಿಗೆ ಚೀಲ, ತಲೆಗೆ ಪ್ಲಾಸ್ಟಿಕ್ ಹೊದಿಕೆ. ತಮಿಳಿನಲ್ಲಿ ಕೇಳಿದಳು.

"ಎನ್ನಮ್ಮಾ, ವಂಡಿ ಏರಲಿಯಾ?" ಗಾಡಿ ಹತ್ತುತ್ತಿಲ್ಲವಾ?

"ಏರಲೈಮ್ಮಾ" ಅಂದೆ, ನನ್ನ ಪೋರೂರು ತಮಿಳಿನಲ್ಲಿ.

ಅವಳು ಒಳಗೆ ಕಣ್ಣಾಡಿಸಿ, ಮಾದೇಶನ ಹೊಟ್ಟೆಯ ಮೇಲೆ ನೋಟ ನಿಲ್ಲಿಸಿದಳು. "ಅವರೆ ಎರಕ್ಕಿ ವಿಡುಂಗ, ಏರಿಡುಂ." ಅವರನ್ನು ಇಳಿಸಿ, ಹತ್ತುತ್ತದೆ ಅಂದಳು.

ಕಾರ್ಡನ್ನು ಬಿಟ್ಟು ಕೈ ಹೊರಗೆ ತೆಗೆದೆ. "ಇಳೀಲಾ ಕೆಳಕ್ಕೆ" ಅಂದೆ ಮಾದೇಶನಿಗೆ.

"ನಾನಾ?"

"ನೀನೇ. ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ಬಾಯಿ ಮಾತ್ರ ಬಿಡಬ್ಯಾಡ."

ಅವನು ಇಳಿದ. ಆ ಹೆಂಗಸೇ ಒಂದು ಕಲ್ಲು ತಂದು ಚಕ್ರದ ಹಿಂದೆ ಇಟ್ಟಳು. ಹಿಂದಿನ ಲಾರಿಯವನೂ ಇಳಿದು ಬಂದು ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟ. ಗಾಡಿಯೊಳಗೆ ಈಗ ನಾವು ಮೂರು ಹೆಂಗಸರೇ.

"ಈಗ ಹಿಂದಕ್ಕೆ ಹೋಗಲ್ಲ ಕಣವ್ವ, ಕಲ್ಲದೆ" ಅಂದೆ ಸುಜಾತಳಿಗೆ. "ಕಾಲು ಏನು ಹೇಳ್ತದೋ ಕೇಳು. ಗಾಡಿ ಮುಂದಗಡೆ ಒಂಚೂರು ಮೇಲಕ್ಕೆ ಎದ್ದಂಗೆ ಆಯ್ತದೆ. ಆಗ ಬಿಡು. ನಿಮ್ಮಾವ ಹಂಗೇ ಮಾಡ್ತಿದ್ದ."

ಅವಳು ಮೂಗು ಒರೆಸಿಕೊಂಡಳು. ಗೇರು ಹಾಕಿದಳು. ಗಾಡಿ ಮೂತಿ ಎತ್ತಿತು. ಒಂದು ಗಳಿಗೆ ಹಾಗೇ ನಡುಗಿಕೊಂಡು ನಿಂತು, ಆಮೇಲೆ ಹೊರಟಿತು. ಚಂದನ "ಅಮ್ಮಾ!" ಎಂದು ಚೀರಿದಳು. ತಿರುವು ದಾಟಿತು. ಇನ್ನೊಂದು ತಿರುವೂ ದಾಟಿತು.

"ಅತ್ತೆ, ಅವರು?"

ಕಿಟಕಿಯಿಂದ ಕೆಳಗಿನ ತಿರುವನ್ನು ನೋಡಿದೆ. ಮಾದೇಶ ರಸ್ತೆಯ ನಡುವೆ ಎರಡೂ ಕೈ ಬೀಸಿಕೊಂಡು ಓಡಿ ಬರುತ್ತಿದ್ದ.

"ನಿಲ್ಲುಸ್ಲಾ?"

"ನಿಲ್ಲಿಸಿದ್ರೆ ಮತ್ತೆ ಹೊರಡುಸ್ತೀಯಾ?"

ಅವಳು ಯೋಚಿಸಿದಳು. "ಇಲ್ಲ" ಅಂದಳು.

"ಮತ್ತೆ ನಡಿ."

ಬೆಟ್ಟದ ಮೇಲೆ ಸಮನಾದ ಜಾಗ ಸಿಗುವ ತನಕ ನಿಲ್ಲಿಸಲಿಲ್ಲ. ಅಲ್ಲಿ ಕ್ಯಾರೆಟ್ಟು, ಎಲೆಕೋಸು ರಾಶಿ ಹಾಕಿಕೊಂಡು ಮಾರುತ್ತಿದ್ದರು. ಗಾಡಿ ನಿಲ್ಲಿಸಿ ಸುಜಾತ ಕೆಳಗಿಳಿದಳು. ಬಾನೆಟ್ಟಿಗೆ ಆತುಕೊಂಡಳು. ಆಮೇಲೆ ನಗಲು ಶುರು ಮಾಡಿದಳು. ಹದಿನೈದು ವರ್ಷದಲ್ಲಿ ಅವಳು ಹಾಗೆ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ನೋಡಿರಲಿಲ್ಲ. ಹಸಿ ಕ್ಯಾರೆಟ್ಟು ಕಡಿದು ತಿಂದೆವು. ಮಳೆ ಸುರಿಯಿತು. ಮೇ ತಿಂಗಳಲ್ಲಿ ನಾನು ಚಳಿಗೆ ನಡುಗಿದೆ.

ಅರ್ಧ ಗಂಟೆಯ ಮೇಲೆ ಒಂದು ಆಟೋ ಬಂತು. ಒಳಗಿಂದ ಮಾದೇಶ ಇಳಿದ. ತಲೆಯಿಂದ ಕಾಲಿನ ತನಕ ನೀರು ಸೋರುತ್ತಿತ್ತು.

"ಬಿಟ್ಟು ಹೋದ್ರಲ್ಲಾ! ಕಟ್ಟಿಕೊಂಡ ಗಂಡನ್ನ ನಡುರಸ್ತೇಲಿ ಬಿಟ್ಟು ಹೋದ್ಯಲ್ಲೇ!"

"ನಿಲ್ಲಿಸಿದ್ರೆ ಗಾಡಿ ಹಿಂದಕ್ಕೆ ಹೋಗೋದು ರೀ" ಅಂದಳು ಸುಜಾತ, ಕ್ಯಾರೆಟ್ಟು ಅಗಿಯುತ್ತಾ. "ತಡೆಯೋಕೆ ಅಲ್ಲಿ ಕಂಬಾನೂ ಇರಲಿಲ್ಲ."

ಮಾದೇಶ ನನ್ನ ಕಡೆ ನೋಡಿದ. ಈ ಸಲವೂ ನಾನು ಜೋರಾಗಿಯೇ ನಕ್ಕೆ. ಆಟೋದವನು ಭಾಷೆ ತಿಳಿಯದಿದ್ದರೂ ನಕ್ಕ. ಕೊನೆಗೆ ಮಾದೇಶನೂ ಒಂದು ಕ್ಯಾರೆಟ್ಟು ತೆಗೆದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತ.

ಆಮೇಲಿನ ಒಂದೂವರೆ ದಿನದ್ದು ಹೆಚ್ಚಿಗೆ ಹೇಳುವುದಿಲ್ಲ. ಒಂದು ಜಲಪಾತ, ಒಂದು ರೈಲು ಸೇತುವೆ, ಎಲ್ಲ ಕಡೆ ಚಂದನಳ ಫೋಟೊ. ಚಹಾ ಕುಡಿಯಲು ಕೊಟ್ಟರು, ಹಾಲಿಲ್ಲದ್ದು, ನನಗೆ ಹಿಡಿಸಲಿಲ್ಲ. ಊಟಕ್ಕೆ ಎಲ್ಲದರಲ್ಲೂ ಒಣ ಮೀನಿನ ಪುಡಿ. ಮಾದೇಶ ಮೊದಲ ದಿನ ತಿರುವಿಗೊಂದು ಮಾತು ಹೇಳುತ್ತಿದ್ದವನು, ಆಮೇಲೆ ಬೆಟ್ಟಕ್ಕೊಂದು ಹೇಳಿದ, ಆಮೇಲೆ ಹೊತ್ತಿಗೊಂದು. ಸುಜಾತಳ ಬೆನ್ನು ಸೀಟಿಗೆ ತಾಗಿತು. ಮೊದಲೆರಡು ದಿನ ಅವಳು ಸ್ಟೇರಿಂಗಿಗೆ ಮೂಗು ಒತ್ತಿಕೊಂಡು ಕೂತಿದ್ದಳು.

ನಾಲ್ಕನೆಯ ದಿನ ಬೆಟ್ಟ ಇಳಿದು ಸಮುದ್ರದ ದಡದ ರಸ್ತೆಗೆ ಬಂದೆವು. ಮಧ್ಯಾಹ್ನದ ಬಿಸಿಲು, ಎಡಗಡೆ ತೆಂಗು, ತೆಂಗಿನ ಆಚೆ ನೀರು. ಹಿಂದೆ ಚಂದನ ಕಿವಿಗೆ ಏನೋ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಗುಟ್ಟು ಇಟ್ಟುಕೊಂಡರೆ ನನಗೆ ಅಜೀರ್ಣವಾಗುತ್ತದೆ. ಸಂಚಿಯಿಂದ ಕಾರ್ಡು ತೆಗೆದು, ಗೇರಿನ ಪಕ್ಕದ ಗೂಡಿನಲ್ಲಿ ಇಟ್ಟೆ.

ಸುಜಾತ ಒಂದು ಕಣ್ಣಿನಲ್ಲಿ ನೋಡಿದಳು. ಗಾಡಿ ಅಲುಗಲಿಲ್ಲ.

"ಇದು ಎಲ್ಲಿತ್ತು ಅತ್ತೆ?" ಅಂದಳು, ಹಿಂದಿನ ಸೀಟಿಗೆ ಕೇಳದ ಹಾಗೆ.

"ನನ್ನ ಸೊಂಟದಲ್ಲಿ."

"ಯಾವಾಗಿಂದ?"

"ಪೋರೂರಿಂದ."

ಒಂದು ಊರು ದಾಟಿತು. ಬಿಳಿ ಪಟ್ಟೆಯ ಹತ್ತಿರ ಶಾಲೆ ಮಕ್ಕಳು ನಿಂತಿದ್ದರು. ಗಾಡಿ ನಿಲ್ಲಿಸಿ ಅವರನ್ನು ದಾಟಿಸಿ, ಮತ್ತೆ ಹೊರಟಳು.

"ಬೆಟ್ಟದ ಮೇಲೆ ನಾನು ಅಳ್ತಿದ್ದಾಗಲೂ ಇತ್ತಾ?"

"ಇತ್ತು."

"ಎಂಥಾ ಗಟ್ಟಿ ಹೆಂಗಸು ನೀವು!" ಅಂದಳು. ಬಯ್ದದ್ದೋ ಹೊಗಳಿದ್ದೋ ನಾನು ಕೇಳಲಿಲ್ಲ. "ನಾವೆಲ್ಲಾ ಕಣಿವೆಗೆ ಬಿದ್ದಿದ್ರೆ?"

"ಬಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಬುಡು."

ಅವಳ ತುಟಿಯ ಕೊನೆ ಎಳೆದುಕೊಂಡಿತು. ನಗು ತಡೆಯುತ್ತಿದ್ದಳು.

"ಈಗ ನಿನ್ನಿಷ್ಟ ಕಣವ್ವ" ಅಂದೆ. "ಕೊಲಂಬೊದಲ್ಲಿ ಚೀಟಿ ಮಾಡಿಸಿದ್ರೆ ನಾಳೆ ಅವನೇ ಓಡುಸ್ತಾನೆ. ನಿಂಗೂ ನಾಲ್ಕು ದಿನದಿಂದ ಕಾಲುನೋವು. ಕೊಡೋದಾದ್ರೆ ಕೊಡು. ಬಯ್ಯೋದು ನನ್ನನ್ನ, ನಾನು ಬಯ್ಸ್ಕೊತೀನಿ."

ಸುಜಾತ ಮೇಲಿನ ಕನ್ನಡಿ ಸರಿ ಮಾಡಿಕೊಂಡು ಹಿಂದಿನ ಸೀಟು ನೋಡಿದಳು. ನಾನೂ ಕತ್ತು ತಿರುಗಿಸಿದೆ. ಬೇರೆಯವರು ಓಡಿಸುವ ಗಾಡಿಯಲ್ಲಿ ಹುಟ್ಟಿದಾಗಿನಿಂದ ಕಣ್ಣು ಮುಚ್ಚದ ನನ್ನ ಮಗ, ಅಪ್ಪನ ಬಸ್ಸಿನಲ್ಲೂ ಕಂಬಿ ಹಿಡಿದು ನಿಂತೇ ಬರುತ್ತಿದ್ದವನು, ಬಾಯಿ ತೆರೆದುಕೊಂಡು, ತಲೆಯನ್ನು ಮಗಳ ಹೆಗಲಿಗೆ ಹಾಕಿ, ಗೊರಕೆ ಹೊಡೆಯುತ್ತಿದ್ದ. ಎರಡು ಕಾಲೂ ಸಡಿಲವಾಗಿ ಚಾಚಿಕೊಂಡಿದ್ದವು.

"ಮಲಗಿದ್ದಾರೆ ಅತ್ತೆ" ಅಂದಳು ಸುಜಾತ ಮೆಲ್ಲಗೆ. "ಏಳಿಸ್ಬೇಡಿ."

ಮುಂದೆ ಒಂದು ಬಸ್ಸು ನಿಧಾನವಾಗಿ ಹೋಗುತ್ತಿತ್ತು. ಅವಳು ದೀಪ ಮಿನುಗಿಸಿ, ಗೇರು ಬದಲಾಯಿಸಿ, ಅವನ ತಲೆ ಕುಲುಕದ ಹಾಗೆ ಅದನ್ನು ದಾಟಿದಳು.